ಪುಟ್ಟ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಜಪಾನೋ, ದಕ್ಷಿಣ ಕೊರಿಯಾವೋ?

ಭಾರತದ ಪಾಸ್‌ಪೋರ್ಟ್ ಇರುವವರು ಸಂಬಳಕ್ಕಿಂತ ಮೊದಲು ಅರ್ಹತೆ ನೋಡಿಕೊಳ್ಳಬೇಕು. ಕೊರಿಯಾದ ಇ-2 ವೀಸಾ, ಅಂದರೆ ವಿದೇಶಿ ಭಾಷೆ ಕಲಿಸುವವರ ವೀಸಾ, ಮುಖ್ಯವಾಗಿ ಅಮೆರಿಕ, ಬ್ರಿಟನ್ ಮೊದಲಾದ ಏಳು ದೇಶಗಳವರಿಗೆ. ಭಾರತೀಯರಿಗೆ ಇರುವ ದಾರಿ 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಆರ್ಥಿಕ ಒಪ್ಪಂದದ್ದು (ಸೇಪಾ): ಪದವಿಯ ಜತೆ ಇಂಗ್ಲಿಷ್ ಶಿಕ್ಷಕರ ಅರ್ಹತಾಪತ್ರ ಬೇಕು, ಸಿಗುವುದು ಶಾಲೆಯ ಸಹಾಯಕ ಹುದ್ದೆ.

ಜಪಾನ್ ಇಂಥ ದೇಶಗಳ ಪಟ್ಟಿ ಇಟ್ಟಿಲ್ಲ. ಆದರೆ ಶಾಲೆಗಳಿಗೆ ಬೇಕಾದ 'ಬೋಧಕ' ವೀಸಾಕ್ಕೆ, ಮಾತೃಭಾಷೆ ಇಂಗ್ಲಿಷ್ ಅಲ್ಲದವರು 12 ವರ್ಷ ಇಂಗ್ಲಿಷ್‌ನಲ್ಲೇ ಓದಿರಬೇಕು. ನಮ್ಮವರು ಎಡವುವುದು ಇಲ್ಲೇ. ಏಳನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿದ್ದರೆ, ಎಂಟರಿಂದ ಪಿಯುಸಿಗೆ 5, ಪದವಿಗೆ 3, ಒಟ್ಟು 8 ವರ್ಷವಷ್ಟೇ. ಮಾಧ್ಯಮ ಪ್ರಮಾಣಪತ್ರವನ್ನು ಪ್ರತಿ ಶಾಲೆಯಿಂದಲೂ ಮೊದಲೇ ತರಿಸಿಕೊಳ್ಳಿ.

ಮಕ್ಕಳ ವಯಸ್ಸೂ ಮುಖ್ಯ. ಕೊರಿಯಾದಲ್ಲಿ ಇ-2 ಹಿಡಿದು ಸಾಮಾನ್ಯ ಶಿಶುವಿಹಾರದಲ್ಲಿ ಕಲಿಸುವುದು ಅಕ್ರಮ. ಅದಕ್ಕೆ ಅವಕಾಶವಿರುವ 'ಇಂಗ್ಲಿಷ್ ಶಿಶುವಿಹಾರ'ಗಳು ನೋಂದಣಿಯಲ್ಲಿ ಹಾಗ್ವನ್, ಅಂದರೆ ಖಾಸಗಿ ಟ್ಯೂಷನ್ ಸಂಸ್ಥೆಗಳು. ಜಪಾನಿನಲ್ಲಿ ಕಂಪನಿ ನಡೆಸುವ ಪ್ರಿಸ್ಕೂಲ್‌ಗೆ ಬೇರೆಯೇ ವೀಸಾ, 'ಮಾನವಿಕ, ಅಂತರರಾಷ್ಟ್ರೀಯ ಸೇವೆ' ವರ್ಗದ್ದು.

ಕೆಲಸ ಬದಲಿಸುವುದು ಜಪಾನಿನಲ್ಲಿ ಸುಲಭ: ವೀಸಾ ವರ್ಗ ಅದೇ ಇದ್ದರೆ 14 ದಿನದೊಳಗೆ ವಲಸೆ ಇಲಾಖೆಗೆ ತಿಳಿಸಿದರಾಯಿತು. ಕೊರಿಯಾದಲ್ಲಿ ಒಪ್ಪಂದದ ನಡುವೆ ಬಿಟ್ಟರೆ ಹಳೆಯ ಮಾಲೀಕರ ಒಪ್ಪಿಗೆಪತ್ರ ಬೇಕಾಗುತ್ತದೆ.

ಬಿ.ಎಡ್. ಮಾಡಿ ಸರ್ಕಾರಿ ಶಾಲೆಯ ವ್ಯವಸ್ಥೆ ಬಯಸುವವರು ಕೊರಿಯಾ ವಿಚಾರಿಸಿ. ಬಿ.ಎಡ್. ಇಲ್ಲದ ಪದವೀಧರರು, ಅದರಲ್ಲೂ ಮೂರು-ನಾಲ್ಕು ವರ್ಷದ ಮಕ್ಕಳೇ ಬೇಕೆನ್ನುವವರು, ಜಪಾನಿನ ಪ್ರಿಸ್ಕೂಲ್‌ಗಳಿಗೆ ಅರ್ಜಿ ಹಾಕಿ.