ಬ್ರಿಟನ್ನಿನ ಪೆನ್ಷನ್ ವೈಸ್: ಅವಧಿಗೆ ಮುನ್ನ ಕೆಲಸ ಬಿಡುವವರಿಗೆ ಎಷ್ಟು ಉಪಯುಕ್ತ?

ಐವತ್ತೈದು ದಾಟಿದ ಮೇಲೆ ಬ್ರಿಟನ್ನಿನಲ್ಲಿ ಕೆಲಸ ಹೋದರೆ ಎರಡು ಪ್ರಶ್ನೆಗಳು ಒಟ್ಟಿಗೇ ಎದುರಾಗುತ್ತವೆ. ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಬೇಕೇ ಅಥವಾ ಖಾಸಗಿ ಪಿಂಚಣಿಯ ಹಣವನ್ನು ಈಗಲೇ ತೆಗೆಯಬೇಕೇ? ನಾನು ದುಡಿಯುತ್ತಿದ್ದ ಕಂಪನಿ ನನ್ನ ಹುದ್ದೆಯನ್ನು ರದ್ದುಪಡಿಸಿದಾಗ ನನಗೂ ಇದೇ ಗೊಂದಲವಿತ್ತು. ಆಗ ಬಳಸಿದ, ಸರ್ಕಾರದ ಉಚಿತ ಪಿಂಚಣಿ ಮಾರ್ಗದರ್ಶನ ಸೇವೆಯಾದ ಪೆನ್ಷನ್ ವೈಸ್ ಕುರಿತು, ಇಲ್ಲಿರುವ ಕನ್ನಡಿಗರಿಗೆ ನೆರವಾಗಲೆಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಪಿಂಚಣಿಯ ಹಣವನ್ನು ಬೇಕಾದಂತೆ ತೆಗೆದುಕೊಳ್ಳುವ ಸ್ವಾತಂತ್ರ್ಯವನ್ನು ಸರ್ಕಾರ 2015ರ ಏಪ್ರಿಲ್‌ನಲ್ಲಿ ನೀಡಿದಾಗಲೇ ಈ ಸೇವೆಯೂ ಆರಂಭವಾಯಿತು. ಐವತ್ತು ತುಂಬಿದವರು ಫೋನಿನಲ್ಲೋ, ಜನರಿಗೆ ಉಚಿತ ಸಲಹೆ ನೀಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯ ಕಚೇರಿಯಲ್ಲೋ ಸುಮಾರು ಒಂದು ಗಂಟೆ ಉಚಿತವಾಗಿ ಮಾತನಾಡಬಹುದು. ಕೊನೆಯ ಸಂಬಳದ ಆಧಾರದ ಮೇಲೆ ಜೀವನಪರ್ಯಂತ ಬರುವ ಹಳೆಯ ಮಾದರಿಯ ಪಿಂಚಣಿ ಇದರ ವ್ಯಾಪ್ತಿಗೆ ಬರುವುದಿಲ್ಲ. ನಾವೇ, ಅಥವಾ ನಾವೂ ಕಂಪನಿಯೂ ಸೇರಿ, ಕೂಡಿಟ್ಟ ನಿಧಿಗಳಿಗೆ ಮಾತ್ರ ಇದು ಅನ್ವಯಿಸುತ್ತದೆ.

ನನ್ನೊಡನೆ ಮಾತನಾಡಿದ ಮಹಿಳೆ ಬಹಳ ತಾಳ್ಮೆಯವರು. ಪ್ರತಿಯೊಂದು ನಿಧಿಯ ವಾರ್ಷಿಕ ವಿವರಪಟ್ಟಿಯನ್ನೂ ಮುಂದಿಟ್ಟುಕೊಳ್ಳಲು ಹೇಳಿ, ಹಳೆಯ ಪಾಲಿಸಿಯೊಂದರ ಎರಡನೆಯ ಪುಟದಲ್ಲಿ ‘ಗ್ಯಾರಂಟೀಡ್ ಆನ್ಯುಯಿಟಿ ರೇಟ್’ (ನಿಧಿಯನ್ನು ಜೀವನಪರ್ಯಂತದ ಪಿಂಚಣಿಯಾಗಿ ಬದಲಿಸಲು ಖಾತರಿಯಾಗಿ ಸಿಗುವ ದರ) ಎಂಬ ಸಾಲು ಇದೆಯೇ ಎಂದು ನನ್ನಿಂದಲೇ ಓದಿಸಿದರು. ಸಣ್ಣ ಅಕ್ಷರದಲ್ಲಿ ಅದು ಇತ್ತು. ಆ ಹಣವನ್ನು ಬೇರೆ ಕಡೆಗೆ ವರ್ಗಾಯಿಸಿದರೆ, ಇಂದಿನ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗದಂಥ ಆ ಖಾತರಿ ದರವೂ ಕೈತಪ್ಪುತ್ತದೆ ಎಂದು ಅವರು ವಿವರಿಸಿದ ರೀತಿಗೆ ನಾನು ಋಣಿ. ಕಾಲು ಭಾಗವನ್ನು ತೆರಿಗೆಯಿಲ್ಲದೆ ಪಡೆಯಬಹುದಾದರೂ, ಉಳಿದುದಕ್ಕೆ ಒಮ್ಮೆ ಕೈ ಹಾಕಿದರೆ ಮುಂದೆ ಮತ್ತೆ ಕೆಲಸ ಸಿಕ್ಕಾಗ ಇಂಥ ನಿಧಿಗಳಿಗೆ ತೆರಿಗೆ ರಿಯಾಯಿತಿಯೊಡನೆ ವರ್ಷಕ್ಕೆ 10,000 ಪೌಂಡ್ ಮಾತ್ರ ತುಂಬಬಹುದು ಎಂಬುದನ್ನೂ ಅವರೇ ಮೊದಲು ತಿಳಿಸಿದರು. ಮಾತುಕತೆಯ ಸಾರಾಂಶ ಆಮೇಲೆ ಲಿಖಿತ ರೂಪದಲ್ಲಿಯೂ ಬಂದಿತು.

ಕೊರತೆ ಇರುವುದು ಭತ್ಯೆಯ ವಿಷಯದಲ್ಲಿ. ಪಿಂಚಣಿ ತೆಗೆದರೆ ಸರ್ಕಾರಿ ನೆರವಿಗೆ ಧಕ್ಕೆಯಾಗಬಹುದು ಎಂಬ ಎಚ್ಚರಿಕೆಯಷ್ಟೇ ಅಲ್ಲಿ ಸಿಗುತ್ತದೆ. ಎಷ್ಟು, ಹೇಗೆ ಎಂಬುದನ್ನು ನಾವೇ ಲೆಕ್ಕ ಹಾಕಬೇಕು. ಅವಧಿಗೆ ಮುನ್ನ ಕೆಲಸ ಬಿಡುವವರಿಗೆ ಇದೇ ಮುಖ್ಯವಾದ್ದರಿಂದ ತುಸು ವಿವರವಾಗಿ ಬರೆಯುತ್ತೇನೆ.

ನ್ಯೂ ಸ್ಟೈಲ್ ಜಾಬ್‌ಸೀಕರ್ಸ್ ಅಲೋಯನ್ಸ್ ಎಂಬ ನಿರುದ್ಯೋಗ ಭತ್ಯೆ ಹಿಂದಿನ ಎರಡು ತೆರಿಗೆ ವರ್ಷಗಳಲ್ಲಿ ಸಂಬಳದಿಂದ ಕಟ್ಟಿದ ನ್ಯಾಷನಲ್ ಇನ್ಶೂರೆನ್ಸ್ (ಸರ್ಕಾರಿ ಸಾಮಾಜಿಕ ವಿಮೆ) ಕಂತುಗಳ ಆಧಾರದ ಮೇಲೆ ಗರಿಷ್ಠ 182 ದಿನ ದೊರೆಯುತ್ತದೆ. 2025-26ನೇ ಸಾಲಿನಲ್ಲಿ ಇದು ವಾರಕ್ಕೆ 92.05 ಪೌಂಡ್ ಇತ್ತು. ಉಳಿತಾಯವಾಗಲಿ, ಗಂಡನ ಅಥವಾ ಹೆಂಡತಿಯ ಸಂಬಳವಾಗಲಿ ಇದಕ್ಕೆ ಅಡ್ಡಿಯಲ್ಲ. ಆದರೆ ನಿಯತವಾಗಿ ಬರುವ ಪಿಂಚಣಿ ವಾರಕ್ಕೆ 50 ಪೌಂಡ್ ಮೀರಿದರೆ, ಮೀರಿದಷ್ಟನ್ನೂ ಭತ್ಯೆಯಿಂದ ಕಳೆಯುತ್ತಾರೆ. ಆ ದರದಲ್ಲಿ, ತಿಂಗಳಿಗೆ 600 ಪೌಂಡ್ ಪಿಂಚಣಿ ಆರಂಭಿಸಿದವರಿಗೆ ವಾರಕ್ಕೆ ಸುಮಾರು ಮೂರೂವರೆ ಪೌಂಡ್ ಭತ್ಯೆ ಮಾತ್ರ ಉಳಿಯುತ್ತದೆ! ಆದ್ದರಿಂದ ಹುದ್ದೆ ರದ್ದತಿಯ ಪರಿಹಾರಧನದಿಂದ ಮನೆ ನಡೆಯುವುದಾದರೆ, ಮೊದಲು ಭತ್ಯೆ ಪಡೆದು, ಮಾಸಿಕ ಪಿಂಚಣಿಯನ್ನು ಆಮೇಲೆ ಆರಂಭಿಸುವುದೇ ಲೇಸು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆದಾಯವನ್ನೂ ಆಸ್ತಿಯನ್ನೂ ನೋಡಿ ಕೊಡುವ ಯೂನಿವರ್ಸಲ್ ಕ್ರೆಡಿಟ್‌ನ ಲೆಕ್ಕವೇ ಬೇರೆ. ಸರ್ಕಾರಿ ಪಿಂಚಣಿಯ ವಯಸ್ಸು ತಲುಪುವ ತನಕ ನಿಧಿಯಲ್ಲೇ ಇರುವ ಹಣವನ್ನು ಅಲ್ಲಿ ಆಸ್ತಿಯೆಂದು ಎಣಿಸುವುದಿಲ್ಲ, ಆದರೆ ಹೊರತೆಗೆದು ಬ್ಯಾಂಕಿನಲ್ಲಿಟ್ಟ ಇಡುಗಂಟು 16,000 ಪೌಂಡ್ ದಾಟಿದರೆ ಅರ್ಹತೆಯೇ ಹೋಗುತ್ತದೆ.

ಜಾಬ್‌ಸೀಕರ್ಸ್ ಭತ್ಯೆ ಕೆಲಸ ಹುಡುಕುತ್ತಿರುವವರಿಗೆ ಮಾತ್ರ. ಜಾಬ್‌ಸೆಂಟರ್ ಎಂಬ ಸರ್ಕಾರಿ ಉದ್ಯೋಗ ಕಚೇರಿಯ ವರ್ಕ್ ಕೋಚ್ (ಸಲಹೆಗಾರ) ಎದುರು ಒಪ್ಪಂದಕ್ಕೆ ಸಮ್ಮತಿಸಿ, ಹುಡುಕಾಟದ ವಿವರವನ್ನು ಕಾಲಕಾಲಕ್ಕೆ ಒಪ್ಪಿಸಬೇಕು. ಸರಿಯಾದ ಕಾರಣವಿಲ್ಲದೆ ತಾವಾಗಿಯೇ ರಾಜೀನಾಮೆ ಕೊಟ್ಟವರಿಗೆ ಮೊದಲ ಬಾರಿಗೇ 91 ದಿನಗಳ ತನಕ ಹಣ ತಡೆಹಿಡಿಯಬಹುದು. ಇನ್ನು ದುಡಿಯುವುದಿಲ್ಲವೆಂದು ನಿರ್ಧರಿಸಿದವರು ಅರ್ಜಿ ಹಾಕುವುದು ಸರಿಯಲ್ಲ. ಆದರೆ ಕೆಲಸ ಸಿಕ್ಕರೆ ಮಾಡಲು ಸಿದ್ಧರಿರುವವರು, ನಮ್ಮವರಲ್ಲಿ ಹಲವರು ಮಾಡುವಂತೆ, ಸರ್ಕಾರದ ಮುಂದೆ ಕೈಯೊಡ್ಡುವುದೇ ಎಂದು ಸಂಕೋಚಪಡಬೇಕಾಗಿಲ್ಲ. ವರ್ಷಗಟ್ಟಲೆ ಸಂಬಳದಿಂದ ಕಂತು ಕಟ್ಟಿ ಗಳಿಸಿದ ಹಕ್ಕು ಇದು.

ಹಣಕ್ಕಿಂತಲೂ ಬೆಲೆಬಾಳುವ ಲಾಭ ಇನ್ನೊಂದಿದೆ. ಭತ್ಯೆ ಪಡೆಯುವ ಅವಧಿಗೆ ನ್ಯಾಷನಲ್ ಇನ್ಶೂರೆನ್ಸ್ ಕ್ರೆಡಿಟ್ ಸೇರುತ್ತದೆ, ಅಂದರೆ ಕಂತು ಕಟ್ಟಿದಂತೆಯೇ ದಾಖಲಾಗುತ್ತದೆ. ಪೂರ್ಣ ಸರ್ಕಾರಿ ಪಿಂಚಣಿಗೆ ಸಾಮಾನ್ಯವಾಗಿ 35 ವರ್ಷಗಳ ದಾಖಲೆ ಬೇಕು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ದುಡಿದ ವರ್ಷಗಳು ಅದಕ್ಕೆ ಸೇರುವುದಿಲ್ಲವಾದ್ದರಿಂದ, ನಡುವಯಸ್ಸಿನಲ್ಲಿ ಇಲ್ಲಿಗೆ ಬಂದ ನಮ್ಮಂಥವರಿಗೆ ಒಂದೊಂದು ವರ್ಷವೂ ಮುಖ್ಯ. ಊರಿಗೆ ಮರಳಿ ನೆಲೆಸುವ ಯೋಚನೆಯಿರುವವರು ಭಾರತದಲ್ಲಿರುವವರಿಗೆ ಬ್ರಿಟನ್ನಿನ ಸರ್ಕಾರಿ ಪಿಂಚಣಿ ವರ್ಷವರ್ಷವೂ ಏರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಒಟ್ಟಿನಲ್ಲಿ ಪಿಂಚಣಿಯ ಮಟ್ಟಿಗೆ ಪೆನ್ಷನ್ ವೈಸ್ ಅತ್ಯುತ್ತಮ ಸೇವೆ. ಭತ್ಯೆಯ ಪ್ರಶ್ನೆಗಳನ್ನು ಸಿಟಿಜನ್ಸ್ ಅಡ್ವೈಸ್‌ನಲ್ಲಿ ಪ್ರತ್ಯೇಕವಾಗಿ ಕೇಳುವುದು ಒಳ್ಳೆಯದು. ಖಾಸಗಿ ಪಿಂಚಣಿ ತೆಗೆಯಬಹುದಾದ ಕನಿಷ್ಠ ವಯಸ್ಸು 2028ರ ಏಪ್ರಿಲ್ 6ರಂದು 55ರಿಂದ 57ಕ್ಕೆ ಏರುವುದರಿಂದ, ಐವತ್ತರ ಆಸುಪಾಸಿನಲ್ಲಿರುವವರು ಕೆಲಸ ಬಿಡುವ ಮೊದಲೇ, ಪೆನ್ಷನ್ ವೈಸ್ ಸೇವೆ ಒದಗಿಸುವ ಮನಿಹೆಲ್ಪರ್ ಜಾಲತಾಣದಲ್ಲಿ ಸಮಯ ಕಾಯ್ದಿರಿಸಿಕೊಳ್ಳಲಿ. ಪೆನ್ಷನ್ ವೈಸ್‌ನವರು ನಾವು ಕೇಳದೆ ತಾವಾಗಿ ಎಂದೂ ಕರೆ ಮಾಡುವುದಿಲ್ಲ. ಆ ಹೆಸರು ಹೇಳಿ ಯಾರಾದರೂ ಫೋನ್ ಮಾಡಿದರೆ ಒಂದು ಮಾತನ್ನೂ ಆಡದೆ ಇಟ್ಟುಬಿಡಬೇಕು.