ಗಾಜಿನ ಮಣಿ ಕ್ಲಾಸಿಗೆ ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ

ಬೈಯುವವರು ಬೈಯಿರಿ, ನಗುವವರು ನಗಿ. 3,800 ರೂಪಾಯಿ ಕೊಟ್ಟು ನಾನು ಕೈಯಾರೆ ಮಾಡಿದ ಮಣಿಗಳನ್ನು ಅಲ್ಲಿ ಬಿಟ್ಟು, ಅಂಗಡಿ ಮಣಿಗಳನ್ನು ಮನೆಗೆ ತಂದವಳು ನಾನು. ಅದೂ ಥ್ಯಾಂಕ್ಸ್ ಹೇಳಿ!

ನಾವಿರುವುದು ಮುಂಬೈಯ ಮಲಾಡಿನಲ್ಲಿ. ಎದುರು ಮನೆಯಾಕೆ ಮಂಗಳೂರಿನವರು, ನಾವು ಅವರನ್ನು 'ಬಾಯಿ' ಅಂತ ಕರೆಯುವುದು. ಪ್ರತಿ ಕ್ರಿಸ್‌ಮಸ್‌ಗೆ ತಟ್ಟೆ ತುಂಬ ಕುಸ್ವಾರ್, ಅಂದರೆ ಹಬ್ಬದ ತಿಂಡಿ ಕಳಿಸುತ್ತಾರೆ, ನೆವ್ರಿ, ಗುಳಿಯೋ ಎಲ್ಲ. ಈ ಸಲ ಅವರ ಕ್ರಿಸ್‌ಮಸ್ ಗಿಡಕ್ಕೆ ನಾನೇ ಮಾಡಿದ್ದು ಏನಾದರೂ ಕೊಡೋಣ ಅಂತ ಆಸೆ. ಅಷ್ಟರಲ್ಲಿ ಅಂಧೇರಿ ಕಡೆ ಒಂದು ದಿನದ ಕ್ಲಾಸ್ ಇದೆ ಅಂತ ಗೊತ್ತಾಯಿತು. ಸಾಂತಾ, ಸ್ನೋಮ್ಯಾನ್, ಹಸಿರು ಗಿಡ, ಮೂರು ಮಣಿ. ಫೀಸು 3,200, ಕಿಲ್ನ್ (ಮಣಿ ಕಾಯಿಸಿ ಆರಿಸುವ ಕುಲುಮೆ) ಚಾರ್ಜ್ ಬೇರೆ 600. ಆ 600 ನೆನಪಿರಲಿ.

ಕಲಿಸಿದ್ದು ಮಾತ್ರ ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಸ್ಟೀಲ್ ಕಡ್ಡಿಗೆ ಬೂದು ಮಣ್ಣಿನಂಥ ಲೇಪ ಹಚ್ಚಿ ಒಣಗಿಸಿರುತ್ತಾರೆ. ಗ್ಯಾಸ್ ಟಾರ್ಚಿನ ಉರಿಯಲ್ಲಿ ಗಾಜಿನ ಕಡ್ಡಿಯ ತುದಿ ಕರಗಿ ಜೇನುತುಪ್ಪದ ಹಾಗೆ ಇಳಿಯುತ್ತದೆ. ಅದನ್ನು ಸ್ಟೀಲ್ ಕಡ್ಡಿಗೆ ಸುತ್ತಬೇಕು, ತಿರುಗಿಸುತ್ತಲೇ ಇರಬೇಕು. ಒಂದು ಕ್ಷಣ ಕೈ ನಿಂತರೆ ಗಾಜು ಒಂದು ಕಡೆಗೆ ಜೋತು ಬೀಳುತ್ತದೆ. ನನ್ನ ಸ್ನೋಮ್ಯಾನ್‌ಗೆ ಮುಕ್ಕಾಲು ಗಂಟೆ ಹಿಡಿಯಿತು. ಕಪ್ಪು ಗಾಜಿನ ಚುಕ್ಕಿ ಇಡುವಾಗ ಕೈ ನಡುಗಿ ಎಡಗಣ್ಣು ದೊಡ್ಡದಾಯಿತು. ಮೂಗು ಸೊಟ್ಟ. ಪಕ್ಕದಲ್ಲಿದ್ದ ಹುಡುಗಿ ನಕ್ಕಳು, ನಾನೂ ನಕ್ಕೆ. ಫೋಟೋ ತೆಗೆದುಕೊಂಡೆ, ಅದೊಂದೇ ಪುಣ್ಯ.

ಮಣಿ ಅವತ್ತೇ ಕೈಗೆ ಕೊಡುವುದಿಲ್ಲ. ಅದು ಸರಿಯೇ. ಗಾಜು ಹೊರಗೆ ಬೇಗ ಆರುತ್ತದೆ, ಒಳಗೆ ನಿಧಾನ. ಆ ಎಳೆದಾಟಕ್ಕೆ ಮಣಿ ಇವತ್ತಲ್ಲ ನಾಳೆ ಬಿರುಕು ಬಿಡಬಹುದು. ಅದಕ್ಕೇ ಕಿಲ್ನ್‌ನಲ್ಲಿ ಸುಮಾರು 510 ಡಿಗ್ರಿಯಲ್ಲಿಟ್ಟು ಮೆಲ್ಲಗೆ ಆರಿಸಬೇಕು. "ಕಿಲ್ನ್ ಎಲ್ಲಿದೆ?" ಅಂದೆ. "ವಸಾಯಿಯಲ್ಲಿ ಮ್ಯಾಡಮ್, ವಾರ ಬಿಟ್ಟು ಬನ್ನಿ." ಅಷ್ಟು ದೂರ ಮಣಿ ಯಾಕೆ ಹೋಗಬೇಕು ಅಂತ ಕೇಳಲು ನನಗೆ ಹೊಳೆಯಲೇ ಇಲ್ಲ, ಹೊಳೆಯಬೇಕಿತ್ತು ಅಲ್ವಾ?

ವಾರ ಬಿಟ್ಟು ಹೋದೆ. ಚಂದದ ಡಬ್ಬಿ, ಕೆಂಪು ರಿಬ್ಬನ್, ಮೂರು ಮಣಿ. ಫಳಫಳ ಅನ್ನುತ್ತಿದ್ದವು. ನಾನೇ ಮಾಡಿದ್ದಾ ಅಂತ ಹಿಗ್ಗಿದೆ. ಹಿಗ್ಗಿದೆ, ನೋಡಲಿಲ್ಲ.

ದಾರ ಪೋಣಿಸಿ ಬಾಯಿಗೆ ಕೊಟ್ಟೆ. "ನಾನೇ ಮಾಡಿದ್ದು ಬಾಯಿ." ಅವರು ಗಿಡಕ್ಕೆ ಕಟ್ಟಿಯೂ ಬಿಟ್ಟರು. ಆಗ ಅವರ ಮಗಳು, ಪಾಪ ಏನೂ ಗೊತ್ತಿಲ್ಲದೆ, "ಆಂಟಿ, ಇದೇ ತರದ್ದು ಕ್ರಾಫರ್ಡ್ ಮಾರ್ಕೆಟ್‌ನಲ್ಲಿ ಡಜನ್‌ಗೆ 120 ಇತ್ತು" ಅಂದಳು. ಬಾಯಿ ಮಗಳ ಕಡೆ ಕಣ್ಣು ಬಿಟ್ಟರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮಣಿ ತಿರುಗಿಸಿ ನೋಡಿದರೆ ಎರಡೂ ಬದಿಗೆ ಅಚ್ಚಿನ ಗೆರೆ. ಸ್ನೋಮ್ಯಾನ್‌ಗೆ ಎರಡು ಕಣ್ಣೂ ಒಂದೇ ಸಮ. ಮೂಗು ನೆಟ್ಟಗೆ!

ರಾತ್ರಿಯೇ ಕ್ಲಾಸಿನವರಿಗೆ ಮೆಸೇಜ್ ಹಾಕಿದೆ. ಉತ್ತರ ಕೇಳಿ.

"ಕಿಲ್ನ್‌ಗೆ ಹೋದ ಮೇಲೆ ಫಿನಿಶಿಂಗ್ ಬರುತ್ತೆ ಮ್ಯಾಡಮ್."

ಗೆರೆ ಯಾಕಿದೆ? "ಅದು ಗಾಜಿನ ಗುಣ."

ಕಣ್ಣು ಹೇಗೆ ಸರಿಯಾಯಿತು? "ಬಿಸಿಗೆ ಸೆಟ್ ಆಗಿರುತ್ತೆ."

ಸೆಟ್ ಆಗಿರುತ್ತೆ! ಆ ಬಿಸಿಯಲ್ಲಿ ಮಣಿಯ ಆಕಾರ ಬದಲಾಗುವುದಿಲ್ಲ ಅಂತ ಕ್ಲಾಸಿನಲ್ಲಿ ಹೇಳಿದವರೇ ಇವರು. ಫೋಟೋ ಕಳಿಸಿದೆ. ಎರಡು ದಿನ ಸದ್ದಿಲ್ಲ. ಆಮೇಲೆ ಬಂತು: "ನಿಮ್ಮದಕ್ಕಿಂತ ಚೆನ್ನಾಗಿರೋದೇ ಸಿಕ್ಕಿದೆಯಲ್ಲ, ಕಂಪ್ಲೇಂಟ್ ಏನು?"

ಅಂದರೆ ಒಪ್ಪಿಕೊಂಡ ಹಾಗೇ ಆಯಿತಲ್ಲ. ನಾನು ಮಾಡಿದ್ದು ಸೊಟ್ಟ, ಕಸ, ಹಾಗಾಗಿ ಎಸೆದರು. ದುಡ್ಡು ಹೋಗಿದ್ದಕ್ಕಿಂತ ಈ ಮಾತಿಗೆ ಜಾಸ್ತಿ ಉರಿಯಿತು. ನನ್ನ ಸೊಟ್ಟ ಮೂಗೇ ನನಗೆ ಬೇಕಿತ್ತು. ದುಡ್ಡು ವಾಪಸ್ ಕೊಡಿ ಅಂದೆ, ಬಿಲ್ ತೋರಿಸಿ ಅಂದರು. ಬಿಲ್ ಕೊಟ್ಟಿದ್ದರೆ ತಾನೇ? ಯುಪಿಐ ಸ್ಕ್ರೀನ್‌ಶಾಟ್ ಕಳಿಸಿದೆ, ಬ್ಲಾಕ್ ಮಾಡಿದರು.

ಹೋಗುವುದಿದ್ದರೆ ಮೊದಲು ಕಿಲ್ನ್ ಕಣ್ಣಿಂದ ನೋಡಿ, ಟಾರ್ಚಿನ ಪಕ್ಕದಲ್ಲೇ ಇದ್ದರೆ ಒಳ್ಳೆಯದು. ವಸಾಯಿ, ವಿರಾರ್ ಅಂದರೆ ಎದ್ದು ಬನ್ನಿ. ಮಣಿ ವಾಪಸ್ ಕೊಟ್ಟಾಗ ಉಗುರಿನಿಂದ ಬದಿ ಸವರಿ, ಗೆರೆ ತಗುಲಿದರೆ ಅಚ್ಚಿನದು. ತೂತಿನೊಳಗೂ ನೋಡಿ. ಕೈಯಲ್ಲಿ ಮಾಡಿದ್ದರಲ್ಲಿ ಸ್ಟೀಲ್ ಕಡ್ಡಿಯ ಆ ಬೂದು ಲೇಪದ ಪುಡಿ ತೊಳೆದ ಮೇಲೂ ಸ್ವಲ್ಪ ಉಳಿದಿರಬಹುದು. ನಮ್ಮದರಲ್ಲಿ ಇರಲಿಲ್ಲ.

ಬಾಯಿ ಮಾತ್ರ ಆ ಮಣಿಗಳನ್ನು ಗಿಡದಿಂದ ತೆಗೆಯಲಿಲ್ಲ. "ಇರಲಿ ಬಿಡಿ, ಚಂದ ಉಂಟು" ಅಂದರು. ನಿನ್ನೆ ನಾದಿನಿ ಒಂದು ಜಾಹೀರಾತು ಕಳಿಸಿದಳು. ಅದೇ ಜನ, ಫೆಬ್ರವರಿಯಲ್ಲಿ ಹಾರ್ಟ್ ಮಣಿ ಕ್ಲಾಸ್, ಫೀಸು 4,200. ಫೋಟೋದಲ್ಲಿ ಟಾರ್ಚಿನ ಮುಂದೆ ಕಡ್ಡಿ ಹಿಡಿದ ಒಂದು ಕೈ, ಎರಡು ಹಸಿರು ಬಳೆ. ಕೈ ನನ್ನದೇ.