ಕ್ಲಾರಿಸ್‌ಗೆ ಪೂರ್ಣ ಅಂಕ, ಹ್ಯಾಂಗರ್‌ಗೆ ಸೊನ್ನೆ: ಪುಣೆಯಲ್ಲಿ ಗ್ರ್ಯಾವೆಲ್ ಬೈಕಿನ ದೀರ್ಘ ಬಳಕೆ

ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರನ್ನು ಫ್ರೇಮಿಗೆ ಹಿಡಿದು ನಿಲ್ಲಿಸುವುದು ಹೆಬ್ಬೆರಳಿನಷ್ಟು ದೊಡ್ಡ ಒಂದು ಅಲ್ಯೂಮಿನಿಯಂ ತುಂಡು. ಅದರ ಹೆಸರು ಹ್ಯಾಂಗರ್. ಅದು ಮುರಿದು ಇನ್ನೊಂದು ಸಿಗದೇ ಹೋದರೆ ಲಕ್ಷದ ಹತ್ತಿರದ ಸೈಕಲ್ ಮನೆಯಲ್ಲೇ ನಿಲ್ಲುತ್ತದೆ. ಈ ಬೈಕಿನ ಬಗ್ಗೆ ನನಗಿರುವ ಸಿಟ್ಟೆಲ್ಲ ಆ ತುಂಡಿನ ಮೇಲೆಯೇ, ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲು ಬೈಕ್ ಯಾವುದು ಎಂದು ಹೇಳಿಬಿಡುತ್ತೇನೆ. ಡಾಂಬರಿಗೂ ಕಚ್ಚಾ ದಾರಿಗೂ ಆಗುವ ಗ್ರ್ಯಾವೆಲ್ ಸೈಕಲ್, 2021ರ ಸೈಕಲ್ ಅಭಾವದಲ್ಲಿ ಕೊಂಡದ್ದು. ಅಲಾಯ್ ಫ್ರೇಮ್, ಶಿಮಾನೊ ಕಂಪನಿಯ ಕ್ಲಾರಿಸ್ ಗೇರ್ ಸೆಟ್ 2×8 (ಮುಂದೆ ಎರಡು, ಹಿಂದೆ ಎಂಟು ಹಲ್ಲುಚಕ್ರ), ಕೇಬಲ್ ಡಿಸ್ಕ್ ಬ್ರೇಕ್, ಎರಡೂ ಕಡೆ ಥ್ರೂ ಆಕ್ಸಲ್ (ಫ್ರೇಮಿನ ಮೂಲಕ ತೂರಿಸಿ ತಿರುಪುವ ದಪ್ಪ ಆಕ್ಸಲ್), 700×38 ಟೈರ್. ಉಳಿದ ಅಳತೆ, ತೂಕ ಎಲ್ಲ ಕಡೆ ಸಿಗುತ್ತವೆ. ಬ್ರ್ಯಾಂಡಿನ ಹೆಸರು ಬರೆಯುತ್ತಿಲ್ಲ. ಈ ದರದ ಬೈಕುಗಳಲ್ಲಿ ಫ್ರೇಮ್ ಬೇರೆಯಾದರೂ ತಿರುಗುವ, ಸವೆಯುವ ಭಾಗಗಳು ಹೆಚ್ಚುಕಡಿಮೆ ಒಂದೇ, ಹ್ಯಾಂಗರಿನ ಗೋಳೂ ಒಂದೇ.

ಅಭಾವ ಹೇಗೆ ಬಂತೆಂಬುದು ಗೊತ್ತಿರುವ ಸಂಗತಿ. 2020ರ ಲಾಕ್‌ಡೌನ್ ಸಡಿಲವಾದ ಕೂಡಲೇ ಜಗತ್ತೆಲ್ಲ ಸೈಕಲ್ ಕೇಳತೊಡಗಿತು. ಹಡಗಿನ ಕಂಟೇನರ್ ಸಿಗಲಿಲ್ಲ. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡ ನಿಂತಿತು. ಜೂನ್‌ನಲ್ಲಿ ಮಲೇಷ್ಯಾ ಪೂರ್ತಿ ಬಾಗಿಲು ಹಾಕಿದಾಗ ಅಲ್ಲಿನ ಶಿಮಾನೊ ಕಾರ್ಖಾನೆಯ ಕೆಲಸವೂ ನಿಂತಿತು. ಗ್ರ್ಯಾವೆಲ್‌ಗೆಂದೇ 2019ರಲ್ಲಿ ಬಂದ ಶಿಮಾನೊದ ಜಿಆರ್‌ಎಕ್ಸ್ ಗೇರ್ ಸೆಟ್ ಇರುವ ಬೈಕ್ ಕೇಳಿದರೆ ಪುಣೆಯ ಅಂಗಡಿಗಳಲ್ಲಿ ಸಿಗುತ್ತಿದ್ದ ಉತ್ತರ ಒಂದೇ: ಅಡ್ವಾನ್ಸ್ ಕಟ್ಟಿ, ಕಾಯಿರಿ. ಕೈಗೆ ಸಿಗುತ್ತಿದ್ದದ್ದು ಶಿಮಾನೊದ ಕೆಳ ದರ್ಜೆಯ ಸೆಟ್‌ಗಳಾದ ಕ್ಲಾರಿಸ್ ಅಥವಾ ಸೋರಾ ಹಾಕಿದವು.

ಇನ್ನು ಹ್ಯಾಂಗರ್. ಪೆಟ್ಟು ಬಿದ್ದಾಗ ಫ್ರೇಮ್ ಉಳಿದು ತಾನು ಬಾಗಲಿ ಎಂದೇ ಅದನ್ನು ಮೆತ್ತಗಿನ ಅಲ್ಯೂಮಿನಿಯಂನಲ್ಲಿ ಮಾಡುತ್ತಾರೆ. ಅಲ್ಲಿಯವರೆಗೆ ತಕರಾರಿಲ್ಲ. ಆದರೆ ಪ್ರತಿ ಕಂಪನಿಗೂ, ಒಂದೇ ಕಂಪನಿಯ ಪ್ರತಿ ಮಾಡೆಲ್‌ಗೂ ಅದರ ಆಕಾರ ಬೇರೆ. ಫ್ರೇಮ್ ಮಾರುವವರು ಜೊತೆಗೆ ಎರಡು ಹ್ಯಾಂಗರ್ ಕೊಟ್ಟಿದ್ದರೆ ಈ ವಿಮರ್ಶೆಯ ಅರ್ಧ ಭಾಗ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಕೊಡಲಿಲ್ಲ. ಕೇಳಿದರೆ ವಿತರಕರತ್ತ ಕೈ ತೋರಿಸಿದರು, ವಿತರಕರು ಮುಂದಿನ ಕಂಟೇನರಿನತ್ತ. ಸ್ರ್ಯಾಮ್ ಕಂಪನಿ 2019ರಲ್ಲಿ ತಂದ ಯುಡಿಎಚ್ ಎಂಬ ಒಂದೇ ಅಳತೆಯ ಹ್ಯಾಂಗರ್ ಈಗ ಹಲವು ಹೊಸ ಫ್ರೇಮ್‌ಗಳಲ್ಲಿದೆ. ನಿಮ್ಮ ಬಜೆಟ್‌ನಲ್ಲಿ ಅಂಥ ಫ್ರೇಮ್ ಸಿಕ್ಕರೆ ಬಣ್ಣ ನೋಡದೆ ಅದನ್ನೇ ತೆಗೆದುಕೊಳ್ಳಿ.

ಬಾಗುವುದಕ್ಕೆ ಜೋರಾಗಿ ಬೀಳಲೇಬೇಕಿಲ್ಲ. ಪುಣೆಯಿಂದ ಬೆಳಗಾವಿಗೋ ಹುಬ್ಬಳ್ಳಿಗೋ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಸೈಕಲ್ ಹಾಕಿದಾಗ ಚೈನಿನ ಬದಿ ಕೆಳಗಾಗಿ ಮೇಲೊಂದು ಗೋಣಿಚೀಲ ಬಿದ್ದರೆ ಸಾಕು. ಊರಿಗೆ ಒಯ್ಯುವವರು ಹಿಂದಿನ ಡಿರೇಲರನ್ನು 5 ಎಂಎಂ ಅಲೆನ್ ಕೀಯಿಂದ ಬಿಚ್ಚಿ, ಚೈನ್ ಅದರಲ್ಲೇ ಇರಲಿ, ಬಟ್ಟೆ ಸುತ್ತಿ ಚೈನ್‌ಸ್ಟೇಗೆ (ಹಿಂಚಕ್ರದ ಪಕ್ಕದ ಕೆಳಪೈಪಿಗೆ) ಕಟ್ಟಿಬಿಡಿ. ಎರಡು ನಿಮಿಷದ ಕೆಲಸ.

ಬಾಗಿದ್ದರೆ ಲಕ್ಷಣ ಸ್ಪಷ್ಟ. ಹಿಂದಿನ ಸಣ್ಣ ಹಲ್ಲುಚಕ್ರಗಳಲ್ಲಿ ಗೇರ್ ಸರಿಯಾಗಿ ಬೀಳುತ್ತದೆ, ದೊಡ್ಡವುಗಳಲ್ಲಿ ತಡವರಿಸುತ್ತದೆ. ಕೇಬಲ್ ಬಿಗಿ ಮಾಡಿದರೆ ಇದು ಉಲ್ಟಾ ಆಗುತ್ತದೆ. ಇಲ್ಲಿಗೇ ನಿಲ್ಲಿಸಿ. ಕೇಬಲ್ ತಿರುಪುತ್ತಾ ಹೋದರೆ ಒಂದು ಏರಿನಲ್ಲಿ ಡಿರೇಲರ್ ಚಕ್ರದ ಕಡ್ಡಿಗಳೊಳಗೆ ಸಿಕ್ಕು ಹ್ಯಾಂಗರ್, ಡಿರೇಲರ್, ಕಡ್ಡಿ ಮೂರೂ ಒಟ್ಟಿಗೆ ಹೋಗುತ್ತವೆ. ಅಳೆಯುವ ಗೇಜ್ ಇಲ್ಲದಿದ್ದರೂ ದಾರಿಯಿದೆ. ಹ್ಯಾಂಗರಿನ ಥ್ರೆಡ್ ಎಂ10×1. ಕ್ವಿಕ್ ರಿಲೀಸ್ (ಲಿವರ್ ತಿರುಗಿಸಿ ಚಕ್ರ ಬಿಚ್ಚುವ ಏರ್ಪಾಡು) ಇರುವ ಸಾಮಾನ್ಯ ಹಿಂದಿನ ಚಕ್ರದ ಆಕ್ಸಲ್ ಥ್ರೆಡ್ ಕೂಡ ಅದೇ. ಡಿರೇಲರ್ ಬಿಚ್ಚಿ, ಇನ್ನೊಂದು ಸೈಕಲಿನ ಚಕ್ರದ ಸ್ಕ್ಯೂವರ್ (ಆಕ್ಸಲ್ ಒಳಗಿನ ತೆಳು ಸಲಾಕೆ) ತೆಗೆದು, ಹೊರಚಾಚಿದ ಆಕ್ಸಲ್ ತುದಿಯನ್ನು ಹ್ಯಾಂಗರಿಗೆ ತಿರುಪಿ. ಈಗ ಎರಡು ಚಕ್ರಗಳು ಅಕ್ಕಪಕ್ಕ ನಿಲ್ಲುತ್ತವೆ. ಮೇಲೆ, ಕೆಳಗೆ, ಮುಂದೆ, ಹಿಂದೆ ರಿಮ್‌ಗಳ ನಡುವಿನ ಅಂತರ ಅಳೆಯಿರಿ. ವ್ಯತ್ಯಾಸ 4 ಮಿ.ಮೀ. ಒಳಗಿದ್ದರೆ ಸರಿ, ಹೆಚ್ಚಿದ್ದರೆ ಆ ಚಕ್ರವನ್ನೇ ಹಿಡಿದು ನಿಧಾನವಾಗಿ ಎಳೆಯಿರಿ. ಒಂದೆರಡು ಸಲ ಇದು ನಡೆಯುತ್ತದೆ, ಆಮೇಲೆ ಲೋಹ ಬಿರುಕು ಬಿಡುತ್ತದೆ. ಅಂಗಡಿಗಳಲ್ಲಿ ಸಿಗುವ ‘ಯೂನಿವರ್ಸಲ್’ ತುರ್ತು ಹ್ಯಾಂಗರ್ ಕ್ವಿಕ್ ರಿಲೀಸ್ ಫ್ರೇಮ್‌ಗೆಂದು ಮಾಡಿದ್ದು. ಥ್ರೂ ಆಕ್ಸಲ್‌ಗೆ ಅದು ಕೂರುವುದಿಲ್ಲ, ದುಡ್ಡು ಕಳೆಯಬೇಡಿ.

ಪುಣೆಯಲ್ಲಿರುವವರಿಗೆ ಬೇರೆ ಊರಿನವರಿಗಿಲ್ಲದ ಒಂದು ಅನುಕೂಲವಿದೆ: ಭೋಸರಿ ಮತ್ತು ಪಿಂಪ್ರಿ-ಚಿಂಚ್ವಡದ ಮಷೀನ್ ಶಾಪ್‌ಗಳು. ಬೆಳಗಾವಿಯವರಿಗೆ ಉದ್ಯಮಬಾಗ ಇದೆ. ಮುರಿದ ಹ್ಯಾಂಗರಿನ ತುಂಡುಗಳನ್ನೇ ನಮೂನೆಯಾಗಿ ಒಯ್ದರೆ 6061-ಟಿ6 ಎಂಬ ಅಲ್ಯೂಮಿನಿಯಂ ಪ್ಲೇಟಿನಲ್ಲಿ ಮಿಲ್ ಮಾಡಿ ಕೊಡುತ್ತಾರೆ. ಹೇಳಲೇಬೇಕಾದ ಮಾತುಗಳಿವೆ. ಟ್ಯಾಪ್ ಎಂ10×1 ಇರಬೇಕು. ಶಾಪ್‌ನಲ್ಲಿ ಕೈಗೆ ಸಿಗುವುದು ಎಂ10×1.5, ಅದನ್ನು ಹೊಡೆದರೆ ಡಿರೇಲರಿನ ಬೋಲ್ಟ್ ಅಡ್ಡ ಹತ್ತಿ ಅದೂ ಹಾಳು. ಆದ್ದರಿಂದ ಡಿರೇಲರನ್ನು ಜೊತೆಗೆ ಒಯ್ದು ಅಲ್ಲಿಯೇ ಬರಿಗೈಯಲ್ಲಿ ತಿರುಪಿ ನೋಡಿ. ದಪ್ಪ ಮೂಲದಷ್ಟೇ ಇರಲಿ. ಡಿರೇಲರಿನ ಓರೆಯನ್ನು ಹೊಂದಿಸುವ ಬಿ-ಸ್ಕ್ರೂ ಒರಗುವ ಸಣ್ಣ ಮೂಲೆಯ ಕೋನ ತಪ್ಪದಿರಲಿ, ಅದು ತಪ್ಪಿದರೆ ಡಿರೇಲರಿನ ಮೇಲಿನ ಪುಟ್ಟ ಚಕ್ರ (ಪುಲ್ಲಿ) ಹಲ್ಲುಚಕ್ರಕ್ಕೆ ತಾಗುತ್ತದೆ. ಗಟ್ಟಿಯಾಗಿರಲಿ ಎಂದು ಸ್ಟೀಲಿನಲ್ಲಿ ಮಾಡಿಸುವವರಿದ್ದಾರೆ, ಖಂಡಿತ ಬೇಡ. ಮುಂದಿನ ಪೆಟ್ಟಿಗೆ ಬಾಗುವುದು ಫ್ರೇಮೇ. ಖರ್ಚು ಹೆಚ್ಚಾಗಿ ಸೆಟಪ್‌ನದು, ಆದ್ದರಿಂದ ಒಂದರ ಬದಲು ನಾಲ್ಕು ಮಾಡಿಸಿ, ಅದೇ ಬೈಕಿರುವ ಗೆಳೆಯರೊಡನೆ ಹಂಚಿಕೊಳ್ಳಿ.

ಇಷ್ಟು ಬೈದ ಮೇಲೂ ಈ ಬೈಕನ್ನು ಮಾರುವ ಯೋಚನೆ ಬರದಿರಲು ಕಾರಣ, ಮನಸ್ಸಿಲ್ಲದೆ ಒಪ್ಪಿಕೊಂಡ ಆ 8 ಸ್ಪೀಡ್ ಕ್ಲಾರಿಸ್. ಅಭಾವದ ದಿನಗಳಲ್ಲಿ ಅದರ ಬೆಲೆ ಗೊತ್ತಾಯಿತು. 11 ಸ್ಪೀಡ್ ಚೈನಿಗೆ ನಗರವೆಲ್ಲ ಹುಡುಕುತ್ತಿದ್ದಾಗ 8 ಸ್ಪೀಡ್ ಚೈನ್ ಪೇಠ್‌ನ ಹಳೆಯ ಕಾಕಾ ಅಂಗಡಿಯಲ್ಲೂ ನೇತಾಡುತ್ತಿತ್ತು, ಏಕೆಂದರೆ ಸಾಮಾನ್ಯ ಎಂಟಿಬಿಗಳಿಗೂ (ಮೌಂಟನ್ ಬೈಕುಗಳಿಗೂ) ಅದೇ ಬೇಕು. ಇನ್ನೂ ದೊಡ್ಡ ಅನುಕೂಲ ಒಂದಿದೆ. ಶಿಮಾನೊದ 8 ಸ್ಪೀಡ್ ರೋಡ್ ಶಿಫ್ಟರ್, 8 ಮತ್ತು 9 ಸ್ಪೀಡಿನ ಎಂಟಿಬಿ ಹಿಂದಿನ ಡಿರೇಲರ್ ಎರಡಕ್ಕೂ ಕೇಬಲ್ ಎಳೆತದ ಲೆಕ್ಕ ಒಂದೇ. ಕ್ಲಾರಿಸ್ ಡಿರೇಲರ್ ಸಿಗದಿದ್ದರೆ ಆಲ್ಟಸ್ ಅಥವಾ ಏಸೆರಾ ಹಾಕಿ, ಮಿತಿ ಸ್ಕ್ರೂ ಹೊಂದಿಸಿ, ಓಡಿಸಿ. ಮುಂದೆ 50/34, ಹಿಂದೆ 11-34 ಹಲ್ಲಿನ ಚಕ್ರಗಳಿಗೆ ಡಿರೇಲರ್ ಸುತ್ತಿಕೊಳ್ಳಬೇಕಾದ ಸಡಿಲ ಚೈನ್, ಅಂದರೆ ಒಟ್ಟು ಸಾಮರ್ಥ್ಯ, 39 ಹಲ್ಲು. ಉದ್ದ ಕೇಜಿನ ಎಂಟಿಬಿ ಡಿರೇಲರ್ ಅದನ್ನು ಸಲೀಸಾಗಿ ಸುತ್ತಿಕೊಳ್ಳುತ್ತದೆ. ಇಂಥ ಅದಲುಬದಲು 11 ಸ್ಪೀಡಿನಲ್ಲಿ ನಡೆಯುವುದಿಲ್ಲ.

ಚೈನ್ ಸವೆದಿದೆಯೇ ಎಂದು ತಿಳಿಯಲು ಇಂಚಿನ ಸ್ಟೀಲ್ ಸ್ಕೇಲ್ ಸಾಕು. ಒಂದು ಪಿನ್ನಿನ ಮಧ್ಯಕ್ಕೆ ಸೊನ್ನೆ ಇಟ್ಟರೆ 12 ಇಂಚಿನ ಗೆರೆ ಇನ್ನೊಂದು ಪಿನ್ನಿನ ಮಧ್ಯಕ್ಕೇ ಬರಬೇಕು. 1/16 ಇಂಚು ಜಾರಿದ್ದರೆ ಹೊಸ ಚೈನ್ ತಂದಿಟ್ಟುಕೊಳ್ಳಿ, ಸ್ವಲ್ಪ ಮುಂದೆ ಹೋದ ಕೂಡಲೇ ಹಾಕಿ. 1/8 ದಾಟಿದರೆ ಕ್ಯಾಸೆಟ್ಟೂ (ಹಿಂದಿನ ಹಲ್ಲುಚಕ್ರಗಳ ಗುಚ್ಛವೂ) ಹೋಗಿದೆ ಎಂದೇ ಲೆಕ್ಕ.

ಗೇರ್ ವಿಷಯದಲ್ಲಿ ಕ್ಲಾರಿಸ್ ಸೋಲುವುದು ಒಂದೇ ಕಡೆ. ಮುಂದಿನ 34 ಹಲ್ಲಿಗೆ ಹಿಂದಿನ 34 ಹಾಕಿದಾಗ ಪೆಡಲಿನ ಒಂದು ಸುತ್ತಿಗೆ ಬೈಕ್ ಸುಮಾರು 2.2 ಮೀಟರ್ ಹೋಗುತ್ತದೆ. ನಿಮಿಷಕ್ಕೆ 60 ಸುತ್ತಿನಲ್ಲಿ ಗಂಟೆಗೆ 8 ಕಿ.ಮೀ. ಹತ್ತಿರ. ಜಿಆರ್‌ಎಕ್ಸ್‌ನ 30 ಹಲ್ಲಿನ ಚೈನ್‌ರಿಂಗ್‌ನಲ್ಲಿ ಅದೇ ಕಾಲುವೇಗಕ್ಕೆ 7 ಕಿ.ಮೀ. ಬೋಪದೇವ ಘಾಟ್‌ನಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ದೋಣಜೆಯಿಂದ ಸಿಂಹಗಡದ ಏರಿನಲ್ಲಿ, ಅದೂ ಕೊನೆಯ ಕಡಿದಾದ ತಿರುವುಗಳಲ್ಲಿ, ಮಂಡಿಗಳಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ಬ್ಯಾಗ್ ಹೊತ್ತು ಹೋಗುವವರು 46/30 ಕ್ರ್ಯಾಂಕ್ ಇರುವುದನ್ನೇ ಹುಡುಕಬೇಕು.

ನನಗೆ ಈ ಬೈಕಿನಲ್ಲಿ ಅತ್ಯಂತ ಪ್ರಿಯವಾದದ್ದು ಮಳೆಗಾಲದ ಸವಾರಿಯ ನಂತರದ ಕೆಲಸ. ಪಾನಶೇತ್ ಕಡೆಯ ಕಚ್ಚಾ ದಾರಿಯಿಂದ ಬಂದ ಬೈಕಿನ ಮೇಲೆ ಕಪ್ಪು ಮಣ್ಣು ಒಣಗುವ ಮೊದಲೇ ನೀರು ಬೀಳಬೇಕು. ಬಕೆಟ್, ಮಗ್, ಹಳೆ ಬ್ರಷ್. ಪ್ರೆಷರ್ ವಾಶರ್ ಬೇರಿಂಗಿನೊಳಗೆ ನೀರು ನುಗ್ಗಿಸುತ್ತದೆ, ಅದು ಬೇಡ. ಮೇಲಿನಿಂದ ಕೆಳಗೆ: ಹ್ಯಾಂಡಲ್, ಫ್ರೇಮ್, ಚಕ್ರ, ಕೊನೆಗೆ ಚೈನ್. ಆಮೇಲೆ ಹರಿದ ಬನಿಯನ್ ಬಟ್ಟೆಯಲ್ಲಿ ಚೈನ್ ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸಿದರೆ ಮೊದಲ ಬಟ್ಟೆ ಕರಿ, ಎರಡನೆಯದು ಬೂದಿ. ಒಣಗಿದ ಮೇಲೆ ಒಂದೊಂದು ರೋಲರ್‌ಗೆ ಒಂದೊಂದು ಹನಿ, ಹತ್ತು ಸುತ್ತು, ಹೊರಗಿನ ಎಣ್ಣೆಯನ್ನೆಲ್ಲ ಒರೆಸಿಬಿಡಬೇಕು. ಹೊರಗೆ ಉಳಿದ ಎಣ್ಣೆ ಮಣ್ಣನ್ನು ಹಿಡಿದಿಡುತ್ತದೆ, ಅಷ್ಟೇ. ಹೊಲಿಗೆ ಯಂತ್ರದ ಎಣ್ಣೆ ಬಲು ತೆಳು, ಜುಲೈ ಮಳೆಗೆ ಒಂದೇ ಸವಾರಿಯಲ್ಲಿ ತೊಳೆದು ಹೋಗುತ್ತದೆ. ಮಳೆಗೆ ವೆಟ್ ಲ್ಯೂಬ್, ಮಾರ್ಚ್‌ನ ಧೂಳಿಗೆ ವ್ಯಾಕ್ಸ್. ಕೆಲಸ ಮುಗಿದ ಮೇಲೆ ಚೈನ್ ಸದ್ದಿಲ್ಲದೆ ಓಡುವುದನ್ನು ಕೇಳುವುದೇ ಒಂದು ಸುಖ. ಈ ಫ್ರೇಮಿನ ಬಾಟಮ್ ಬ್ರ್ಯಾಕೆಟ್ (ಪೆಡಲಿನ ಅಚ್ಚು ತಿರುಗುವ ಬೇರಿಂಗ್) ಒತ್ತಿ ಕೂರಿಸುವ ಪ್ರೆಸ್‌ಫಿಟ್ ಅಲ್ಲ, ಥ್ರೆಡ್ ಇರುವ 68 ಎಂಎಂ ಬಿಎಸ್‌ಎ. ಮಳೆಗಾಲ ಕಳೆದ ಮೇಲೂ ಕಿರುಗುಟ್ಟದಿರುವುದಕ್ಕೆ ಅದೇ ಕಾರಣ. ಬಿಚ್ಚುವಾಗ ಚೈನಿನ ಬದಿಯ ಕಪ್ ಉಲ್ಟಾ ಥ್ರೆಡ್ ಎಂಬುದು ನೆನಪಿರಲಿ.

ಬ್ರೇಕ್ ಸಾಧಾರಣ. ಬಂದದ್ದು ಒಂದೇ ಪಿಸ್ಟನ್ನಿನ ಕೇಬಲ್ ಕ್ಯಾಲಿಪರ್. ಹೊರಗಿನ ಪ್ಯಾಡ್ ಮಾತ್ರ ಸರಿಯುತ್ತದೆ, ಒಳಗಿನದನ್ನು ಆಗಾಗ ಅಲೆನ್ ಕೀಯಿಂದ ಒಳಕ್ಕೆ ತಿರುಪಬೇಕು. ಅದನ್ನು ಮರೆತು ಬರೀ ಕೇಬಲ್ ಬಿಗಿ ಮಾಡುತ್ತಾ ಹೋದರೆ ಲಿವರ್ ಹ್ಯಾಂಡಲ್‌ಗೆ ತಾಗುತ್ತದೆ. ಎರಡು ಪಿಸ್ಟನ್ನಿನ ಟಿಆರ್‌ಪಿ ಸ್ಪೈರ್ ಸಿಕ್ಕಿದರೆ ಮೊದಲ ಬದಲಾವಣೆ ಅದೇ ಆಗಲಿ. ಮಳೆಯ ಮಣ್ಣಿನಲ್ಲಿ ರೆಸಿನ್ ಪ್ಯಾಡ್ ಬೇಗ ಕರಗುತ್ತದೆ. ಲೋಹದ ಪುಡಿಯಿಂದ ಮಾಡಿದ ಸಿಂಟರ್ಡ್ ಪ್ಯಾಡ್ ಹಾಕುವ ಮೊದಲು ಡಿಸ್ಕಿನ ಮೇಲೆ ‘ರೆಸಿನ್ ಓನ್ಲಿ’ ಎಂದು ಬರೆದಿದೆಯೇ ನೋಡಿ. ಹಾಗೆ ಬರೆದಿದ್ದರೆ ಸಿಂಟರ್ಡ್ ಪ್ಯಾಡ್ ಡಿಸ್ಕನ್ನೇ ತಿಂದುಬಿಡುತ್ತದೆ. ಒಂದು ಕೇಬಲ್ ಸೂಕ್ಷ್ಮವೂ ಇದೆ: ಕೆಳಕ್ಕೆ ಬಾಗಿದ ಆಕಾರದ (ಡ್ರಾಪ್) ಹ್ಯಾಂಡಲಿನ ಲಿವರ್‌ಗೆ ಬೇಕಾದ ಬ್ರೇಕ್ ಕೇಬಲಿನ ತಲೆ ಪಿಯರ್ ಹಣ್ಣಿನ ಆಕಾರದ್ದು, ಸಾಮಾನ್ಯ ಅಂಗಡಿಯಲ್ಲಿರುವುದು ಉರುಳೆಯಾಕಾರದ ಎಂಟಿಬಿ ತಲೆ. ಅದು ಲಿವರ್‌ನೊಳಗೆ ಸರಿಯಾಗಿ ಕೂರುವುದಿಲ್ಲ. ಎರಡು ಕೇಬಲ್ ಮನೆಯಲ್ಲಿರಲಿ.

ಟೈರ್ ಬಗ್ಗೆ ಹೆಚ್ಚೇನಿಲ್ಲ. ಪುಣೆಯ ಪಾಷಾಣ್, ಬಾಣೇರ್ ಗುಡ್ಡಗಳಲ್ಲಿ ಜಾಲಿಮುಳ್ಳು ಇರುವುದರಿಂದ ಟ್ಯೂಬ್‌ಲೆಸ್ ಮಾಡುವುದು ಒಳ್ಳೆಯದು. ರಿಮ್ ಒಪ್ಪಿದರೆ ಟೈರಿಗೆ 60ರಿಂದ 80 ಮಿ.ಲೀ. ಸೀಲಂಟ್ ಸಾಕು, ಬೇಸಿಗೆಯಲ್ಲಿ ಬೇಗ ಒಣಗುವುದರಿಂದ ಎರಡು ತಿಂಗಳಿಗೊಮ್ಮೆ ನೋಡಿ. 70 ಕೆ.ಜಿ. ಆಸುಪಾಸಿನವರಿಗೆ ಟ್ಯೂಬ್ ಇದ್ದರೆ ಮುಂದೆ 40, ಹಿಂದೆ 45 ಪಿಎಸ್‌ಐ, ಟ್ಯೂಬ್‌ಲೆಸ್ ಆದರೆ ಇನ್ನೂ ಎಂಟು ಹತ್ತು ಕಡಿಮೆ. ಟ್ಯೂಬ್ ಕೊಳ್ಳುವಾಗ ತೆಳ್ಳನೆಯ ಪ್ರೆಸ್ಟಾ ವಾಲ್ವ್ ಕೇಳಿ, ದಪ್ಪ ವಾಲ್ವ್ 6.5 ಎಂಎಂ ರಂಧ್ರದಲ್ಲಿ ಹೋಗದು. ರಂಧ್ರ ಕೊರೆದು ದೊಡ್ಡದು ಮಾಡುತ್ತೇನೆ ಎನ್ನುವವರ ಕೈಗೆ ರಿಮ್ ಕೊಡಬೇಡಿ.

ಸಾಮಾನು ಸಿಗದ ಕಾಲದಲ್ಲಿ ಕೊಳ್ಳುವವರು ಕ್ಯಾಟಲಾಗ್ ನಂಬದೆ ಎದುರಿಗಿರುವ ಬೈಕನ್ನೇ ನೋಡಬೇಕು. ಸಿಕ್ಕಿದ ಭಾಗ ಜೋಡಿಸಿ ಕಳಿಸಿದ್ದರಿಂದ ಒಂದೇ ಮಾಡೆಲ್‌ನಲ್ಲಿ ಕ್ರ್ಯಾಂಕ್, ಬ್ರೇಕ್, ಕ್ಯಾಸೆಟ್ ಬೇರೆ ಬೇರೆ ಬಂದದ್ದುಂಟು. ಸೈಜ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ‘ಇದೊಂದೇ ಉಳಿದಿದೆ, ಹೊಂದಿಸಿ ಕೊಡುತ್ತೇನೆ’ ಎಂದು ಅಂಗಡಿಯವರು ಹೇಳಿದಾಗ ಅದು ನಿಮ್ಮ ಅಳತೆಗಿಂತ ಒಂದು ಸೈಜ್ ಚಿಕ್ಕದಾಗಿದ್ದರೆ ಈಗಿರುವುದಕ್ಕಿಂತ 10–20 ಎಂಎಂ ಹೆಚ್ಚು ಉದ್ದದ ಸ್ಟೆಮ್ (ಹ್ಯಾಂಡಲನ್ನು ಹಿಡಿದಿರುವ ಭಾಗ) ಹಾಕಿ, ಸೀಟ್‌ಪೋಸ್ಟ್ ಮಿತಿಗೆರೆ ದಾಟದಂತೆ ಏರಿಸಿ ಸರಿಮಾಡಬಹುದು. ದೊಡ್ಡದಾಗಿದ್ದರೆ ಬಿಟ್ಟು ಬನ್ನಿ. ಅಡ್ಡಪೈಪಿನ ಮೇಲೆ ನಿಂತಾಗ ಮೂರು ನಾಲ್ಕು ಸೆಂ.ಮೀ. ಅಂತರ ಇಲ್ಲದಿದ್ದರೆ ಗರಸು ಇಳಿಜಾರಿನಲ್ಲಿ ಕಾಲೂರುವಾಗ ಪೆಟ್ಟಾಗುತ್ತದೆ.

ಆಮದಾಗುವ ಸೈಕಲಿನ ಸುಂಕ 2023ರ ಬಜೆಟ್‌ನಲ್ಲಿ ಶೇ 30ರಿಂದ 35ಕ್ಕೆ ಏರಿತು, ಹಾಗಾಗಿ ಕಾದರೆ ಅಗ್ಗವಾಗುತ್ತದೆ ಎಂಬ ಆಸೆಯಿಂದ ಕಾದವರಿಗೆ ಲಾಭವಾಗಲಿಲ್ಲ. ಲಕ್ಷದೊಳಗೆ ಖರ್ಚು ಮಾಡುವವರಿಗೆ, ರಿಪೇರಿಯನ್ನು ತಾವೇ ಮಾಡಿಕೊಳ್ಳುವ ಹಂಬಲವಿರುವವರಿಗೆ, ವಾರಕ್ಕೊಮ್ಮೆಯಾದರೂ ಡಾಂಬರು ಬಿಟ್ಟು ಇಳಿಯುವವರಿಗೆ 8 ಸ್ಪೀಡಿನ ಈ ಬಗೆಯ ಬೈಕನ್ನು ಧೈರ್ಯವಾಗಿ ಹೇಳುತ್ತೇನೆ. ಬಿಲ್ ಕಟ್ಟುವ ಮೊದಲು ಎರಡು ಹ್ಯಾಂಗರ್ ಕೈಗೆ ಬರಲಿ. ದಿನವೂ ಹಿಂಜವಡಿಯ ಆಫೀಸಿಗೆ ಹೋಗಿ ಬರುವುದಷ್ಟೇ ಇದ್ದರೆ 32 ಎಂಎಂ ಟೈರಿನ ಒಳ್ಳೆಯ ಹೈಬ್ರಿಡ್ ಕೊಳ್ಳಿ. ಉಳಿದ ಹಣದಲ್ಲಿ ಮಡ್‌ಗಾರ್ಡ್, ಲೈಟ್, ಬೀಗ ಎಲ್ಲ ಬರುತ್ತವೆ.